ಇದೇ ಕೊನೆಯ ಸಲ ಅಂದುಕೊಂಡು ಹೊರಡಬೇಡ

ಪ್ರಶ್ನೆ: ಅಕ್ಕಾ, ಗುಂಡ್ಲುಪೇಟೆ ತಾಲ್ಲೂಕಿನ ಒಂದು ಹಳ್ಳಿ ನನ್ನದು. ವಯಸ್ಸು 28. ಚಾಮರಾಜನಗರದಲ್ಲಿ ಮಾಡುತ್ತಿದ್ದ ಕೆಲಸ ಬಿಟ್ಟಿದ್ದೇನೆ, ಮೈಸೂರಿನ ಹೊಸ ಕೆಲಸಕ್ಕೆ ಅಕ್ಟೋಬರಿನಲ್ಲಿ ಸೇರಬೇಕು. ಹೋದ ವರ್ಷ ಹಿಮಾಚಲದಲ್ಲಿ ಹಮ್ತಾ ಪಾಸ್ ಚಾರಣ ಮಾಡಿ ಬಂದ ಮೇಲೆ ಮನಸ್ಸು ಊರಲ್ಲಿ ನಿಲ್ಲುತ್ತಿಲ್ಲ. ಈ ಸಲ ಪಿನ್ ಪಾರ್ವತಿ ಪಾಸ್ ದಾಟಿ ಸ್ಪಿತಿಗೆ, ಅಲ್ಲಿಂದ ಪರಾಂಗ್ ಲಾ ದಾಟಿ ಲಡಾಖಿನ ಕರ್ಜೋಕಿಗೆ, ಕರ್ಜೋಕಿನಿಂದ ರುಮ್ಸೆಗೆ, ಕೊನೆಗೆ ಮಾರ್ಖಾ ಕಣಿವೆ ಮುಗಿಸಿ ಲೇಹ್‌ಗೆ, ಹೀಗೆ ನಾಲ್ಕು ಚಾರಣವನ್ನು ಒಂದೇ ದಾರಿ ಮಾಡಿಕೊಂಡು 40 ದಿನ ನಡೆಯಬೇಕೆಂದಿದ್ದೇನೆ. ಜುಲೈ ಕೊನೆಗೆ ಹೊರಡುವುದು. ಬಿಳಿಗಿರಿರಂಗನ ಬೆಟ್ಟದ ಪೋಡಿನ ಸೋಲಿಗ ಗೆಳೆಯ ಜೊತೆಗೆ ಬರುತ್ತಾನೆ. ಬೆಟ್ಟ ಹತ್ತುವುದರಲ್ಲಿ ಅವನಿಗೆ ಸಮ ಯಾರೂ ಇಲ್ಲ. ಮನೆಯಲ್ಲಿ ನನಗೆ ಹೆಣ್ಣು ನೋಡುತ್ತಿದ್ದಾರೆ. ಮದುವೆಯಾದ ಮೇಲೆ ಇಷ್ಟು ದಿನ ಯಾರು ಬಿಡುತ್ತಾರೆ? ಅದಕ್ಕೇ ಎಲ್ಲವನ್ನೂ ಒಟ್ಟಿಗೆ ಮುಗಿಸಿಬಿಡುವ ಆಸೆ. ಚೆಂಡುಹೂ ಕೊಯ್ಲಿನ ಹೊತ್ತಿಗೆ ಹೊರಟಿದ್ದಾನೆ ಎಂದು ಅಪ್ಪ ಮಾತು ಬಿಟ್ಟಿದ್ದಾರೆ. ‘ಒಂದ್ ಬೆಟ್ಟ ನೋಡ್ಕಂಡ್ ಬಾ ಅಂದ್ರ ಇರೋ ಬೆಟ್ಟನೆಲ್ಲ ಒಂದೇ ಸಲ ಹತ್ತೀನಿ ಅಂತಾನಲ್ಲ’ ಎಂದು ಅವ್ವ ಅಳುತ್ತಾಳೆ. ಹಿಮಾಲಯದಲ್ಲಿ ನಮ್ಮ ರಾಜ್ಯದವರು ಸತ್ತ ಸುದ್ದಿಯನ್ನು ಅವಳು ಟಿವಿಯಲ್ಲಿ ನೋಡಿದ್ದಳು. ಇನ್ನೊಂದು ವಿಷಯ ಮನೆಯಲ್ಲಿ ಹೇಳಿಲ್ಲ. ಹಮ್ತಾದಲ್ಲಿ ಎರಡನೇ ರಾತ್ರಿ ತಲೆ ಸಿಡಿಯುವಂಥ ನೋವು, ವಾಂತಿ. ಮಾತ್ರೆ ನುಂಗಿ ಬೆಳಿಗ್ಗೆ ಎಲ್ಲರ ಜೊತೆ ನಡೆದೆ, ಏನೂ ಆಗಲಿಲ್ಲ. ಹೋಗಲೋ ಬೇಡವೋ ಹೇಳಿ.

ಹೆಸರು ಬೇಡ, ಗುಂಡ್ಲುಪೇಟೆ ತಾಲ್ಲೂಕು

ಉತ್ತರ: ತಮ್ಮಾ, ಹೋಗು. ಆದರೆ ನಾಲ್ಕು ಬೇಡ, ಎರಡು ಸಾಕು. ಜುಲೈ ಬೇಡ, ಸೆಪ್ಟೆಂಬರ್ ಇರಲಿ. ಪಿನ್ ಪಾರ್ವತಿಯನ್ನಂತೂ ಈ ಸಲದ ಪಟ್ಟಿಯಿಂದ ತೆಗೆದುಹಾಕು. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಬಿಡಿಬಿಡಿ ಚಾರಣಗಳನ್ನು ಒಟ್ಟು ಹಾಕುವುದೇ ಹುಚ್ಚು ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ನೀನು ನಕ್ಷೆ ಚೆನ್ನಾಗಿ ಓದಿದ್ದೀಯ. ಸ್ಪಿತಿಯ ಕಣಿವೆಗಳೂ ಲಡಾಖಿನ ಕಣಿವೆಗಳೂ ಒಂದಕ್ಕೊಂದು ಸೇರಿಕೊಂಡೇ ಇವೆ. ಪರಾಂಗ್ ಲಾ ಚಾರಣಿಗರು ಕಂಡುಹಿಡಿದ ದಾರಿಯಲ್ಲ, ಆ ಕಡೆ ಈ ಕಡೆಯವರು ಸರಕು ಹೊರಿಸಿಕೊಂಡು ದಾಟುತ್ತಿದ್ದ ಹಳೆಯ ವ್ಯಾಪಾರದ ದಾರಿ. ದೇಹದ ಲೆಕ್ಕದಲ್ಲಿ ನೋಡಿದರೂ ಸೇರಿಸುವುದರಲ್ಲಿ ನ್ಯಾಯವಿದೆ. ತೆಳುಗಾಳಿಗೆ ಮೈ ಒಗ್ಗಲು ದಿನಗಟ್ಟಲೆ ಬೇಕು. ಒಗ್ಗಿದ್ದು ಊರಿಗೆ ಬಂದು ಕೆಲವು ವಾರ ಕೂತರೆ ಹೋಗಿಬಿಡುತ್ತದೆ. ವರ್ಷಕ್ಕೊಂದು ಚಾರಣ ಮಾಡುವವನು ಪ್ರತಿ ವರ್ಷವೂ ಮೊದಲಿನಿಂದ ಒಗ್ಗಬೇಕು. ಒಂದರ ಬೆನ್ನಿಗೆ ಇನ್ನೊಂದನ್ನು ಇಟ್ಟುಕೊಂಡವನಿಗೆ ಮೊದಲನೆಯ ಚಾರಣವೇ ಎರಡನೆಯದಕ್ಕೆ ತಯಾರಿ. ಈ ಮಾತನ್ನು ನಿನ್ನ ಅಪ್ಪನಿಗೂ ಹೇಳಬಹುದು.

ನನ್ನನ್ನು ಹೆದರಿಸಿದ್ದು ನಕ್ಷೆಯಲ್ಲ, ನಿನ್ನ ಪತ್ರದ ಎರಡು ಮಾತು. ಒಂದು, ‘ಮದುವೆಯಾದ ಮೇಲೆ ಯಾರು ಬಿಡುತ್ತಾರೆ’ ಎಂಬುದು. ಇನ್ನೊಂದು, ‘ಮಾತ್ರೆ ನುಂಗಿ ನಡೆದೆ’ ಎಂಬುದು. ಬೇರೆ ಬೇರೆ ಕಡೆ ಬರೆದಿದ್ದೀಯ, ಆದರೆ ಇವೆರಡೂ ಜೊತೆಗೂಡಿದರೆ ಜೀವಕ್ಕೇ ಸಂಚಕಾರ. ಇದೇ ಕೊನೆಯ ಅವಕಾಶ ಎಂದು ನಂಬಿ ಹೊರಟವನಿಗೆ ಹಿಂದಿರುಗಲು ಮನಸ್ಸೇ ಬರುವುದಿಲ್ಲ. ತಲೆನೋವು ಬಂದರೆ ಬಿಸಿಲು ಅನ್ನುತ್ತಾನೆ, ವಾಂತಿಯಾದರೆ ನಿನ್ನೆಯ ಊಟ ಅನ್ನುತ್ತಾನೆ. ನಾಲ್ಕರಲ್ಲಿ ಎರಡನೆಯದರ ಮಧ್ಯೆ ಇದ್ದೇನೆ, ಈಗ ನಿಂತರೆ ಉಳಿದ ಎರಡೂ ಹೋಯಿತು ಎಂದು ಲೆಕ್ಕ ಹಾಕುತ್ತಾನೆ. ಹಾಗೆ ಲೆಕ್ಕ ಹಾಕುತ್ತಲೇ ಇನ್ನೊಂದು ಸಾವಿರ ಅಡಿ ಏರುತ್ತಾನೆ.

ಹಮ್ತಾದ ಆ ರಾತ್ರಿ ನಿನಗಾದದ್ದು ಎತ್ತರದ ಕಾಯಿಲೆಯೇ ಇರಬೇಕು. ಎರಡನೆಯ ರಾತ್ರಿ ಎಂದರೆ ಬಾಲು ಕಾ ಘೇರಾ ಬಿಡಾರ, 3,600 ಮೀಟರಿನ ಆಸುಪಾಸು. ಗುಂಡ್ಲುಪೇಟೆ ಇರುವುದು 800 ಮೀಟರಿನ ಸುಮಾರಿನಲ್ಲಿ. ನಮ್ಮ ಹಿಮವದ್ ಗೋಪಾಲಸ್ವಾಮಿ ಬೆಟ್ಟ 1,454 ಮೀಟರ್, ಗಡಿಯಾಚೆಯ ದೊಡ್ಡಬೆಟ್ಟ 2,637, ಇಡೀ ದಕ್ಷಿಣ ಭಾರತದಲ್ಲೇ ಎಲ್ಲಕ್ಕಿಂತ ಎತ್ತರದ ಆನಮುಡಿ 2,695. ಅಂದರೆ ಇಲ್ಲಿ ನೀನು ಎಷ್ಟೇ ಓಡು, ಎಷ್ಟೇ ಹತ್ತು, ಕಾಲಿಗೆ ಬಲ ಬರುತ್ತದೆ, ಎದೆಗೆ ದಮ್ಮು ಬರುತ್ತದೆ, ಆ ಎತ್ತರದ ಅಭ್ಯಾಸ ಮಾತ್ರ ಬರುವುದಿಲ್ಲ. ಗಟ್ಟಿಮುಟ್ಟಾದವನಿಗೆ ಎತ್ತರದ ಕಾಯಿಲೆ ಬರುವುದಿಲ್ಲ ಎಂಬುದು ಸುಳ್ಳು. ಬಲ ಇದ್ದವನು ಬೇಗ ಬೇಗ ಏರಿ ಇನ್ನೂ ಬೇಗ ಮಲಗುತ್ತಾನೆ. ಮುಂದಿನ ಸಲ ಯಾರಿಗೆ ಬರಬಹುದು ಎಂದು ಊಹಿಸಲು ವೈದ್ಯರು ಮೊದಲು ಕೇಳುವುದೇ ಹಿಂದೆ ಬಂದಿತ್ತೇ ಎಂದು. ನಿನಗೆ ಬಂದಿದೆ. ಇದನ್ನು ಮನೆಯಲ್ಲಿ ಮುಚ್ಚಿಟ್ಟ ಹಾಗೆ ವೈದ್ಯರ ಮುಂದೆಯೂ ಮುಚ್ಚಿಡಬೇಡ. ಅಸೆಟಜೋಲಮೈಡ್ ಎಂಬ ಮಾತ್ರೆಯ ವಿಷಯ ಅವರೊಡನೆ ಮಾತಾಡು, ಸಲ್ಫಾ ಔಷಧ ನಿನಗೆ ಆಗದಿದ್ದರೆ ಅದನ್ನೂ ಹೇಳು. ಆ ಮಾತ್ರೆ ಮೈ ಒಗ್ಗಲು ನೆರವಾಗುತ್ತದೆಯೇ ಹೊರತು ಬೇಗ ಏರಲು ಕೊಟ್ಟ ಪರವಾನಗಿ ಅಲ್ಲ.

ಪರ್ವತ ವೈದ್ಯರ ನಿಯಮ ಸರಳ: 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ನಿಲ್ಲಬೇಕು. ಹಗಲು ಮೇಲೆ ಹೋಗಿ ಬಂದರೂ ಸರಿ, ರಾತ್ರಿ ಎಲ್ಲಿ ತಲೆ ಇಟ್ಟೆ ಎಂಬುದೇ ಲೆಕ್ಕ.

ಇದನ್ನು ಇಟ್ಟುಕೊಂಡು ನಿನ್ನ ದಾರಿ ನೋಡೋಣ. ಪಿನ್ ಪಾರ್ವತಿ 5,319 ಮೀಟರ್. ಖೀರ್‌ಗಂಗಾ ಬಿಟ್ಟ ಮೇಲೆ ಸ್ಪಿತಿ ಕಡೆಯ ಮೂಧ್ ಹಳ್ಳಿಯ ತನಕ ಊರಿಲ್ಲ. ಪಾಸಿನ ಹತ್ತಿರ ನಡೆಯುವುದು ಹಿಮನದಿಯ ಮೇಲೆ. ಮಂಜು ಮುಚ್ಚಿದ ಬಿರುಕುಗಳ ಮೇಲೆ ಹಗ್ಗ ಕಟ್ಟಿಕೊಂಡು ಹೆಜ್ಜೆ ಇಡಬೇಕು. ಹಮ್ತಾದ 3,600 ಮೀಟರಿನಲ್ಲೇ ಒದ್ದಾಡಿದವನಿಗೆ ಇದು ಮೊದಲ ಪಾಠ ಆಗಬಾರದು. ಆ ಆಸೆ ಬಿಡು ಅನ್ನುತ್ತಿಲ್ಲ. 1965ರಿಂದ ನಡೆಯುತ್ತಿರುವ ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯಲ್ಲೋ ಮನಾಲಿಯ ಸಂಸ್ಥೆಯಲ್ಲೋ ಬುನಾದಿ ತರಬೇತಿ ಮುಗಿಸಿಕೊಂಡು ಹೋಗು. ನಮ್ಮ ರಾಜ್ಯದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಲ್ಲಿ ವಿಚಾರಿಸಿದರೆ ದಾರಿ ಹೇಳುತ್ತಾರೆ.

ಈ ಸಲ ಪಿನ್ ಪಾರ್ವತಿಯ ಬದಲು ಕಿನ್ನೌರಿನ ಕಾಫ್ನೂವಿನಿಂದ ಶುರು ಮಾಡು. ಅಲ್ಲಿಂದ ಭಾಬಾ ಪಾಸ್ ದಾಟಿದರೆ ನೀನು ಮುಟ್ಟುವುದೂ ಅದೇ ಮೂಧ್ ಹಳ್ಳಿಯನ್ನೇ. ಪಾಸಿನ ಎತ್ತರ 4,900ರ ಸುಮಾರು, ಕಾಫ್ನೂ 2,400ರ ಸುಮಾರು, ನಡುವಿನ ಹುಲ್ಲುಗಾವಲುಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಿಡಾರ ಹಾಕಬಹುದು. ಮೈ ಸರಿಯಿಲ್ಲ ಅನ್ನಿಸಿದರೆ ಬಂದ ಕಣಿವೆಯಲ್ಲೇ ಕೆಳಕ್ಕೆ ಇಳಿದು ರಸ್ತೆ ಸೇರಬಹುದು. ಒಂದು ಕಡೆ ಕುರಿಮಂದೆಗಳು ಮೇಯುವ ಹಸಿರು ಭಾಬಾ ಕಣಿವೆ, ಪಾಸಿನ ಆಚೆ ಒಂದು ಗಿಡವೂ ಇಲ್ಲದ ಕಂದು, ನೇರಳೆ, ಬೂದಿ ಬಣ್ಣದ ಪಿನ್ ಕಣಿವೆ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಷಾಢದಲ್ಲಿ ವಯನಾಡಿನ ಮೇಲೆ ಮಳೆ ಸುರಿಯುತ್ತಿರುವಾಗ ಗುಂಡ್ಲುಪೇಟೆಯ ಹೊಲದಲ್ಲಿ ಬರಿ ಗಾಳಿ ಬೀಸುತ್ತದಲ್ಲ, ಅದೇ ಮಳೆನೆರಳು ಅಲ್ಲಿ ಒಂದೇ ಪಾಸಿನ ಎರಡು ಮಗ್ಗುಲಲ್ಲಿ ಕಣ್ಣಿಗೆ ಬೀಳುತ್ತದೆ.

ಮೂಧ್ 3,800 ಮೀಟರಿನ ಸುಮಾರು. ಅಲ್ಲಿಂದ ಬಸ್ಸೋ ಜೀಪೋ ಹಿಡಿದು ಕಾಜಾಕ್ಕೆ ಬಾ. ಕಾಜಾದಲ್ಲಿ ಆಸ್ಪತ್ರೆ ಇದೆ, ಅಂಗಡಿ ಇದೆ, ಫೋನು ಸಿಗುತ್ತದೆ. ಎರಡು ಮೂರು ದಿನ ಸುಮ್ಮನೆ ಇರು. ಕಿಬ್ಬರ್ ಸುಮಾರು 4,200, ಅಲ್ಲೂ ಒಂದು ರಾತ್ರಿ ಮಲಗು. ಇಷ್ಟಾದ ಮೇಲೆ ನಿನ್ನ ಮೈ ಏನು ಹೇಳುತ್ತದೆ ಎಂದು ಕೇಳಿ, ಆಮೇಲೆ ಪರಾಂಗ್ ಲಾ ವಿಷಯ ತೀರ್ಮಾನಿಸು. ಎರಡು ಚಾರಣವನ್ನು ಸೇರಿಸುವುದು ಎಂದರೆ ಇದು: ನಡುವೆ ಒಂದು ಬಾಗಿಲು ಇರಬೇಕು, ಆ ಬಾಗಿಲಿಂದ ಹೊರಬಿದ್ದರೆ ಸೋತೆ ಅನ್ನಿಸಬಾರದು. ಭಾಬಾ ಒಂದನ್ನೇ ಮಾಡಿ ಬಂದರೂ ಅದು ಪೂರ್ತಿ ಪಯಣವೇ.

ಪರಾಂಗ್ ಲಾ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಕಿಬ್ಬರ್ ಕಡೆಯ ಬಯಲುಗಳನ್ನು ದಾಟಿದ ಮೇಲೆ ಕರ್ಜೋಕ್ ತನಕ ಕಾಯಂ ಊರು ಒಂದೂ ಇಲ್ಲ, ಎಂಟೊಂಬತ್ತು ದಿನದ ನಡಿಗೆ. ಪಾಸು 5,500 ಮೀಟರಿಗೂ ಮೇಲೆ. ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು. ಆದರೆ ನಿಜವಾದ ತೊಡಕು ಪಾಸಿನ ಆಚೆ ಇದೆ. ಬೇರೆ ಕಡೆ ಕಾಯಿಲೆ ಬಿದ್ದರೆ ‘ಕೆಳಗೆ ಇಳಿ’ ಅನ್ನುತ್ತಾರೆ. ಇಲ್ಲಿ ಪಾಸು ದಾಟಿದ ಮೇಲೆ ಕೆಳಗೆ ಎಂಬುದೇ ಇಲ್ಲ. ಪಾರೆ ಚು ನದಿಯ ಕಣಿವೆ ಉದ್ದಕ್ಕೂ 4,500 ಮೀಟರಿನ ಮೇಲೆಯೇ ಇರುತ್ತದೆ, ಕರ್ಜೋಕೂ ಅಷ್ಟೇ ಎತ್ತರದಲ್ಲಿದೆ. ಆದ್ದರಿಂದ ತೀರ್ಮಾನ ಆಗಬೇಕಾದದ್ದು ಪಾಸಿನ ಈಚೆಯ ಕೊನೆಯ ಬಿಡಾರದಲ್ಲಿ, ಹಿಂದಿನ ಸಂಜೆ. ತಲೆನೋವು, ಓಕರಿಕೆ ಇದ್ದರೆ ಅಲ್ಲೇ ನಿಲ್ಲು, ಏರಬೇಡ. ನಿಂತರೂ ಕಮ್ಮಿಯಾಗದಿದ್ದರೆ ಕಿಬ್ಬರಿಗೆ ಇಳಿ. ಪ್ರತಿ ಸಂಜೆ ಗೆಳೆಯನನ್ನು ಒಂದು ನೇರ ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ಮುಟ್ಟಿಸುತ್ತ ನಡೆಯಲು ಹೇಳು, ನೀನೂ ನಡೆ. ಓಲಾಡಿದವನ ಮೆದುಳಿಗೆ ಬಾವು ಬರುತ್ತಿರಬಹುದು. ಕೂತಲ್ಲೇ ಏದುಸಿರು, ಬಿಡದ ಕೆಮ್ಮು ಬಂದರೆ ಶ್ವಾಸಕೋಶಕ್ಕೆ ನೀರು ಇಳಿಯುತ್ತಿರಬಹುದು. ಈ ಎರಡರಲ್ಲಿ ಯಾವುದೂ ಬೆಳಗಿನವರೆಗೆ ಕಾಯುವ ಕಾಯಿಲೆ ಅಲ್ಲ.

ಇನ್ನು ಆ ನದಿ. ಪಾರೆ ಚು ಪರಾಂಗ್ ಲಾ ಹಿಮದಿಂದ ಹುಟ್ಟಿ, ಲಡಾಖಿನ ಅಂಚಲ್ಲಿ ಹರಿದು, ಟಿಬೆಟ್ ಒಳಕ್ಕೆ ಹೋಗಿ, ಸುತ್ತಿ ಬಂದು ಮತ್ತೆ ಸ್ಪಿತಿ ನದಿಯನ್ನೇ ಸೇರುತ್ತದೆ. 2004ರಲ್ಲಿ ಟಿಬೆಟ್ ಕಡೆ ಗುಡ್ಡ ಕುಸಿದು ಇದೇ ನೀರು ಕಟ್ಟಿಕೊಂಡು, ಮರುವರ್ಷ ಜೂನಿನಲ್ಲಿ ಒಡೆದು ಕಿನ್ನೌರಿನಲ್ಲಿ ಸೇತುವೆ, ರಸ್ತೆ ಕೊಚ್ಚಿಹೋಗಿದ್ದವು. ಚಾರಣದಲ್ಲಿ ನೀನು ಇದನ್ನು ನೀರಿಗಿಳಿದೇ ದಾಟಬೇಕು. ಹಿಮ ಕರಗಿ ಬರುವ ನೀರು ಹೊತ್ತು ಏರಿದಂತೆ ಏರುತ್ತದೆ. ಬೆಳಿಗ್ಗೆ ಮೊಣಕಾಲಿಗಿದ್ದದ್ದು ಮಧ್ಯಾಹ್ನಕ್ಕೆ ತೊಡೆಗೆ ಬರುತ್ತದೆ, ಬಣ್ಣವೂ ಕೆಸರಾಗಿ ತಳ ಕಾಣುವುದಿಲ್ಲ. ನಸುಕಿನಲ್ಲೇ ದಾಟು, ಬರಿಗಾಲಲ್ಲಿ ಬೇಡ, ಪಟ್ಟಿ ಇರುವ ಚಪ್ಪಲಿ ಹಾಕಿಕೋ, ಬೆನ್ನಚೀಲದ ಸೊಂಟದ ಪಟ್ಟಿ ಬಿಚ್ಚಿಕೊ, ಮೇಲ್ಹರಿವಿಗೆ ಮುಖ ಮಾಡಿ ಪಕ್ಕಕ್ಕೆ ಹೆಜ್ಜೆ ಇಡು, ಒಬ್ಬರಿಗೊಬ್ಬರು ತೋಳು ಹಿಡಿದುಕೊಂಡು. ಕಿಬ್ಬರಿನ ಕುದುರೆಯವರಿಲ್ಲದೆ ನೀವಿಬ್ಬರೇ ಹೋಗಬೇಡಿ. ಎಲ್ಲಿ ನೀರು ಚದುರಿ ಹರಿಯುತ್ತದೆ ಎಂದು ಅವರ ಕಣ್ಣಿಗೆ ಗೊತ್ತು.

ಗೆಳೆಯನ ವಿಷಯಕ್ಕೆ ಬರುತ್ತೇನೆ. ಅವನ ಕಾಲಿನ ಬಲದ ಬಗ್ಗೆ ನನಗೆ ಅನುಮಾನವೇ ಇಲ್ಲ. ಆದರೆ ಹೊರಡುವ ಮುಂಚೆ ಅವನ ರಕ್ತ ಪರೀಕ್ಷೆ ಆಗಲೇಬೇಕು. ನಮ್ಮ ಜಿಲ್ಲೆಯ ಸೋಲಿಗರಲ್ಲಿ, ಜೇನುಕುರುಬರಲ್ಲಿ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಇರುವ ಕುಟುಂಬಗಳಿವೆ. ಕಾಯಿಲೆಯೇ ಇದ್ದರೆ ಸಾಮಾನ್ಯವಾಗಿ ಗೊತ್ತಾಗಿರುತ್ತದೆ. ಆದರೆ ಬರೀ ವಾಹಕರಾದವರು ಯಾವ ತೊಂದರೆಯೂ ಇಲ್ಲದೆ ಬದುಕುತ್ತಾರೆ, ತಮಗೆ ಇದೆ ಎಂದೇ ಗೊತ್ತಿರುವುದಿಲ್ಲ. ಅಂಥವರಲ್ಲಿ ಕೆಲವರಿಗೆ ಎತ್ತರಕ್ಕೆ ಹೋದಾಗ ಆಮ್ಲಜನಕ ಕಮ್ಮಿಯಾಗಿ ರಕ್ತಕಣ ಬಾಗಿ ಗುಲ್ಮಕ್ಕೆ ರಕ್ತ ನಿಲ್ಲುತ್ತದೆ, ಎಡ ಪಕ್ಕೆಯ ಕೆಳಗೆ ತಡೆಯಲಾರದ ನೋವು ಬರುತ್ತದೆ. ಕಿಬ್ಬರ್ ಮತ್ತು ಕರ್ಜೋಕಿನ ನಡುವೆ ಅದು ಬಂದರೆ ಯಾರೇನು ಮಾಡಲಾದೀತು? 2023ರ ಜುಲೈಯಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಯೋಜನೆಯಡಿ ಈ ತಪಾಸಣೆ ಉಚಿತವಾಗಿ ನಡೆಯುತ್ತಿದೆ. ಚಾಮರಾಜನಗರದ ಸಿಮ್ಸ್ ಆಸ್ಪತ್ರೆಯಲ್ಲಿ ಕೇಳಿ, ಇಲ್ಲವೇ ಬೆಟ್ಟದಲ್ಲೇ ಇರುವ, 1981ರಲ್ಲಿ ಡಾ. ಎಚ್. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಆಸ್ಪತ್ರೆಯಲ್ಲಿ ವಿಚಾರಿಸಿ. ಅವನೊಬ್ಬನನ್ನೇ ಕಳಿಸಬೇಡ, ನೀನೂ ಜೊತೆಗೆ ಹೋಗಿ ಮಾಡಿಸಿಕೊ. ವಾಹಕ ಎಂದು ಬಂದರೆ ವೈದ್ಯರ ಮಾತಿನಂತೆ ನಡೆಯಿರಿ. ಅವನು ಉಳಿಯಬೇಕಾಗಿ ಬಂದರೆ ನೀನೂ ಆ ವರ್ಷ ದಾರಿ ಬದಲಿಸಿ, ಅವನು ಬರಬಹುದಾದ ಕಡೆ ಹೋಗು.

ಅಪ್ಪನ ಸಿಟ್ಟು ನ್ಯಾಯವಾದದ್ದು. ಜುಲೈಯಿಂದ ಹೂವು ಬಿಡಿಸಲು ಶುರುವಾದರೆ ಓಣಂ ಮುಗಿಯುವ ತನಕ ಕೈಗೆ ಬಿಡುವಿಲ್ಲ. ಕಾರ್ಖಾನೆಗೆ ಹೋಗುವ ಹೂವು ಒಂದು ಕಡೆ, ಕೇರಳದ ವ್ಯಾಪಾರಿಗಳಿಗೆ ಹೋಗುವುದು ಒಂದು ಕಡೆ. ಬಿಡಿಸುವ ಆಳು ಸಿಗದೆ ಹೂವು ಗಿಡದಲ್ಲೇ ಬಾಡಿದರೆ ಆ ನಷ್ಟ ತುಂಬುವವರಿಲ್ಲ. ಈ ಸಲ ಓಣಂ ಆಗಸ್ಟ್ ಕೊನೆಗೇ ಮುಗಿದರೆ ಸೆಪ್ಟೆಂಬರ್ ಒಂದಕ್ಕೆ ಹೊರಡು. ನಿನಗೂ ಲಾಭ ಇದೆ: ಕಿನ್ನೌರಿನ ರಸ್ತೆಯ ಮೇಲೆ ಮಳೆಗಾಲದಲ್ಲಿ ಬೀಳುವ ಕಲ್ಲು ಆ ಹೊತ್ತಿಗೆ ಕಮ್ಮಿಯಾಗುತ್ತದೆ, ಪಾರೆ ಚು ನೀರು ಇಳಿದಿರುತ್ತದೆ. ಚಳಿ ಮಾತ್ರ ಜಾಸ್ತಿ. ಸೆಪ್ಟೆಂಬರ್ 20ರ ಒಳಗೆ ಪರಾಂಗ್ ಲಾ ದಾಟಿರಬೇಕು, ಅದಕ್ಕೆ ತಕ್ಕ ಹಾಗೆ ಕಿಬ್ಬರ್ ಬಿಡಲಾಗದಿದ್ದರೆ ಈ ವರ್ಷಕ್ಕೆ ಕೈಬಿಡು. ಒಟ್ಟು ನಾಲ್ಕು ವಾರ, ಅಕ್ಟೋಬರಿನ ಕೆಲಸಕ್ಕೂ ಸರಿಯಾಗುತ್ತದೆ. ಹೂವಿನ ಕೆಲಸ ಮುಗಿಸಿಯೇ ಹೋಗುತ್ತೇನೆ ಎಂದು ನೀನೇ ಅಪ್ಪನ ಮುಂದೆ ಕೂತು ಹೇಳು. ಅವ್ವನ ಬಾಯಿಂದ ಹೇಳಿಸಬೇಡ.

ಅವ್ವ ಟಿವಿಯಲ್ಲಿ ನೋಡಿದ್ದು 2024ರ ಜೂನಿನ ಸುದ್ದಿ ಇರಬೇಕು. ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿತು, ಹೆಚ್ಚಿನವರು ನಮ್ಮ ರಾಜ್ಯದವರು, 9 ಮಂದಿ ತೀರಿಕೊಂಡರು. ನಮ್ಮ ಸರ್ಕಾರದ ಸಚಿವರೇ ಡೆಹ್ರಾಡೂನಿಗೆ ಹೋಗಿ ನಿಂತಿದ್ದರು. ಅವರಲ್ಲಿ ಹಲವರು ಅನುಭವಸ್ಥರು. ಆದ್ದರಿಂದ ‘ನಂಗೇನೂ ಆಗಲ್ಲ ಬುಡವ್ವ’ ಎಂದು ಸಮಾಧಾನ ಮಾಡಬೇಡ, ಅದು ಅವಳಿಗೆ ಸುಳ್ಳು ಅಂತ ಗೊತ್ತಾಗುತ್ತದೆ. ನಿನ್ನ ಅವ್ವನಿಗೆ ಬೆಟ್ಟ ಗೊತ್ತಿಲ್ಲದ್ದೇನಲ್ಲ. ನಮ್ಮ ಕಡೆ ಶಿವರಾತ್ರಿಗೆ ಮಾದಪ್ಪನ ಪರ್ಸೆಗೆ ನಡೆದವರ ಮನೆ ಯಾವುದಿಲ್ಲ? ತಾಳಬೆಟ್ಟದಿಂದ ಏರುವಾಗ ದಾರಿ ಬಲ್ಲವರು ಮುಂದೆ, ಸುಸ್ತಾದವರನ್ನು ಕರೆದುಕೊಂಡು ಬರುವವರು ಹಿಂದೆ, ಕಾಡಿನಲ್ಲಿ ಕತ್ತಲಾಗುವ ಮುಂಚೆ ತಂಗುವುದು, ಇದೆಲ್ಲ ಅವಳು ಬಲ್ಲಳು. ಅದೇ ಭಾಷೆಯಲ್ಲಿ ಹೇಳು: ದಾರಿ ಬಲ್ಲವರು ಯಾರು, ಯಾವ ದಿನ ಎಲ್ಲಿ ಮಲಗುತ್ತೀಯ, ಯಾವ ದಿನ ಫೋನು ಬರುವುದಿಲ್ಲ, ಎಷ್ಟು ದಿನ ಕಾದ ಮೇಲೆ ಯಾರಿಗೆ ಕರೆ ಮಾಡಬೇಕು. ಹಮ್ತಾದ ರಾತ್ರಿಯ ಕಥೆಯನ್ನೂ ಹೇಳು. ಅವಳು ಇನ್ನೂ ಸ್ವಲ್ಪ ಅಳುತ್ತಾಳೆ, ಆದರೆ ಮಗ ಮುಚ್ಚಿಡುವುದಿಲ್ಲ ಎಂದು ಗೊತ್ತಾದ ಮೇಲೆ ನಿದ್ದೆ ಮಾಡುತ್ತಾಳೆ.

ಫೋನಿನ ಮಾತು ಬಂತಲ್ಲ, ನಮ್ಮ ಊರಿನ ಪ್ರೀಪೇಡ್ ಸಿಮ್ ಲಡಾಖಿನಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಡ್ ಮಾಡಿಸಿಕೊಂಡು ಹೋಗು. ಇಲ್ಲದಿದ್ದರೆ ನೀನು ಕ್ಷೇಮವಾಗಿ ಆಚೆ ಇಳಿದರೂ ಮನೆಗೆ ಸುದ್ದಿ ಮುಟ್ಟುವುದಿಲ್ಲ. ಸ್ಯಾಟಲೈಟ್ ಫೋನನ್ನು ಪರವಾನಗಿ ಇಲ್ಲದೆ ಒಯ್ಯುವುದು ನಮ್ಮ ದೇಶದಲ್ಲಿ ಅಪರಾಧ, ಯಾರಾದರೂ ಕೊಟ್ಟರೂ ತೆಗೆದುಕೊಳ್ಳಬೇಡ. ಕರ್ಜೋಕ್ ಕಡೆಯ ಅನುಮತಿಯ ನಿಯಮ ಆಗಾಗ ಬದಲಾಗುವುದರಿಂದ ಹೊರಡುವ ವಾರ ಲೇಹ್ ಜಿಲ್ಲಾಡಳಿತದಿಂದ ಖಚಿತ ಮಾಡಿಕೊ.

ಊಟದ ವಿಷಯ ಚಿಕ್ಕದು ಅನ್ನಿಸಬಹುದು, ಅಲ್ಲ. ಎತ್ತರದಲ್ಲಿ ಹಸಿವೇ ಸಾಯುತ್ತದೆ. ನೀರು ಎಂಬತ್ತು ಚಿಲ್ಲರೆ ಡಿಗ್ರಿಗೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ. ರಾಗಿ ಹುರಿಹಿಟ್ಟು, ಬೆಲ್ಲ ಒಯ್ಯಿ, ಬಿಸಿನೀರಲ್ಲಿ ಕಲಸಿದರೆ ಆಯಿತು. ಸ್ಪಿತಿಯವರು ಹುರಿದ ಬಾರ್ಲಿಯ ಹಿಟ್ಟನ್ನು ಚಹಾದಲ್ಲಿ ಕಲಸಿ ತಿನ್ನುವುದೂ ಇದೇ ಲೆಕ್ಕ. ಹುಣಸೆ ತೊಕ್ಕು ಇದ್ದರೆ ಬಾಯಿಗೆ ರುಚಿ ಹತ್ತುತ್ತದೆ. ಅವ್ವನಿಗೇ ಮಾಡಿಕೊಡಲು ಹೇಳು.

ಕರ್ಜೋಕ್–ರುಮ್ಸೆ, ಮಾರ್ಖಾ ಎರಡನ್ನೂ ಯಾಕೆ ಬಿಡಿಸಿದೆ ಎಂದು ಕೇಳಬಹುದು. ಎರಡು ಚಾರಣ ಮುಗಿಯುವ ಹೊತ್ತಿಗೆ ನಿನ್ನ ಮೈ ತೂಕ ಇಳಿದಿರುತ್ತದೆ, ನಿದ್ದೆ ಕೆಟ್ಟಿರುತ್ತದೆ. ಅಷ್ಟು ಎತ್ತರದಲ್ಲಿ ಸಣ್ಣ ಗಾಯವೂ ಬೇಗ ಮಾಯುವುದಿಲ್ಲ. ಒಗ್ಗುವುದು ಬೇರೆ, ಸವೆಯುವುದು ಬೇರೆ, ಎರಡೂ ಒಟ್ಟಿಗೇ ನಡೆಯುತ್ತಿರುತ್ತವೆ. ರುಮ್ಸೆ ದಾರಿಯಲ್ಲಿ ಮತ್ತೆ 5,000 ದಾಟುವ ಪಾಸುಗಳೇ ಒಂದರ ಮೇಲೊಂದು. ಆದರೆ ಮಾರ್ಖಾ ದಾರಿಯ ಬಹುಪಾಲು ಹಳ್ಳಿಗಳಿವೆ, ಹೆಚ್ಚಿನ ರಾತ್ರಿ ಮನೆಗಳಲ್ಲೇ ತಂಗಬಹುದು. ಅದನ್ನು ಮದುವೆಯಾದ ಮೇಲೆ ಇಬ್ಬರೂ ಸೇರಿ ಮಾಡಬಹುದು.

ಹೆಣ್ಣು ನೋಡಲು ಹೋದ ಕಡೆ ಇದನ್ನು ಮೊದಲ ದಿನವೇ ಹೇಳಿಬಿಡು. ವರ್ಷಕ್ಕೆ ಇಷ್ಟು ದಿನ ಬೆಟ್ಟಕ್ಕೆ ಹೋಗುವವನು ನಾನು, ಬಂದರೆ ಕರೆದುಕೊಂಡು ಹೋಗುತ್ತೇನೆ ಎಂದು. ಬೇಡ ಅನ್ನುವವರು ಬೇಡ ಅನ್ನಲಿ, ಅದೂ ಒಳ್ಳೆಯದೇ. ಮದುವೆ ಎಂದರೆ ಬೆಟ್ಟದ ಬಾಗಿಲು ಮುಚ್ಚಿತು ಎಂದು ನಿನಗೆ ಯಾರೂ ಹೇಳಿಲ್ಲ, ನೀನೇ ಅಂದುಕೊಂಡಿದ್ದೀಯ. ಇಬ್ಬರ ರಕ್ತ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಮತ್ತೆ ಬರೆ. ಕಾಫ್ನೂವಿನಿಂದ ಮೂಧ್ ತನಕ ಯಾವ ರಾತ್ರಿ ಎಲ್ಲಿ ಮಲಗುವುದು ಎಂದು ಕೂತು ಬಿಡಿಸಿ ಬರೆಯೋಣ.